ಕೋಣೆಯ ಬಾಡಿಗೆ, ಮನೆಯ ಧರ್ಮ

ಮಗಳನ್ನು ಮದುವೆ ಮಾಡಿ ಕಳುಹಿಸಿದ ಮೇಲೆ, ಮಗ ನೌಕರಿಗಾಗಿ ಪರಸ್ಥಳ ಸೇರಿದ ಮೇಲೆ ಅನೇಕರ ಮನೆಯಲ್ಲಿ ಒಂದು ಕೋಣೆ ಬರಿದಾಗಿ ಉಳಿಯುತ್ತದೆ. ಅತ್ತ ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಗೆ ಬರುವ ತರುಣ ತರುಣಿಯರು ನೆಲೆಗಾಗಿ ಅಲೆಯುತ್ತಿರುತ್ತಾರೆ. ಬರಿದಾದ ಕೋಣೆಯನ್ನು ಅಂಥವರಿಗೆ ಬಾಡಿಗೆಗೆ ಕೊಡುವುದು ಉಭಯತರಿಗೂ ಹಿತಕರವೇ. ಆದರೆ ಬೇರೆ ಮನೆಯೊಂದನ್ನು ಬಾಡಿಗೆಗೆ ಕೊಡುವಷ್ಟು ಸರಳವಾದ ಸಂಗತಿ ಇದಲ್ಲ. ಇಲ್ಲಿ ಹೊಸ್ತಿಲು ಒಂದೇ, ಅಡುಗೆಮನೆ ಒಂದೇ, ಬಚ್ಚಲೂ ಒಂದೇ. ಆದುದರಿಂದಲೇ ಇಲ್ಲಿ ಕರಾರುಪತ್ರಕ್ಕಿಂತ ಮಿಗಿಲಾಗಿ ನಡತೆಯ ಪ್ರಶ್ನೆ ಏಳುತ್ತದೆ.

ನಮ್ಮ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಯುವಕನೊಬ್ಬನಿಗೆ ನಮ್ಮ ಮನೆಯ ಹಿಂದಿನ ಕೋಣೆಯನ್ನು ಪೇಟೆಯ ದರಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ಟಿದ್ದೆವು. ಅವನು ಊರಿಗೆ ಹೋಗಿದ್ದಾಗ, ಅಟ್ಟದ ಮೇಲಿದ್ದ ಪಾತ್ರೆಗಳು ಬೇಕಾಗಿ, ನಮ್ಮಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆರೆದೆವು. ಪಾತ್ರೆಗಳನ್ನು ಇಳಿಸಲು ಅವನ ಪುಸ್ತಕಗಳನ್ನೂ ಬಟ್ಟೆಬರೆಗಳನ್ನೂ ಸರಿಸಿದೆವು. ಹಿಂದಿರುಗಿದವನು ಎಲ್ಲವನ್ನೂ ಗಮನಿಸಿಯೂ ಮೌನವಾಗಿದ್ದ. ಎರಡು ತಿಂಗಳ ನಂತರ ಕೋಣೆ ಬಿಡುವಾಗ, ಅಂದೇ ಏಕೆ ಕೇಳಲಿಲ್ಲವೆಂದು ನಾವು ವಿಚಾರಿಸಿದರೆ, "ಬಾಡಿಗಿ ಕಮ್ಮಿ ತಗೋತೀರಿ, ನಾ ಏನಂತ ಕೇಳ್ಲಿ ಕಾಕಾ?" ಎಂದ. ಕಡಿಮೆ ಬಾಡಿಗೆಯಿಂದ ನಾವು ಅವನಿಗೆ ಉಪಕಾರ ಮಾಡಿದೆವೆಂದು ತಿಳಿದಿದ್ದೆವು. ನಿಜವಾಗಿ ಅವನ ಬಾಯನ್ನೇ ಕಟ್ಟಿದ್ದೆವು.

ಅಂದು ನಮಗೆ ಒಂದು ವಿಷಯ ಸ್ಪಷ್ಟವಾಯಿತು. ದಾಸೋಹ ಬೇರೆ, ಬಾಡಿಗೆ ಬೇರೆ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದಾಗ, ತುಮಕೂರಿನ ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದಾಗ ಅದು ದಾಸೋಹ. ಅಲ್ಲಿ ಹಣದ ಮಾತಿಲ್ಲ. ಬಾಡಿಗೆಯಾದರೋ ನ್ಯಾಯವಾದ ವ್ಯವಹಾರ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬಾಡಿಗೆಯನ್ನೂ ಪಡೆದು, ಅದರ ಮೇಲೆ ಕೃತಜ್ಞತೆಯನ್ನೂ ವಿಧೇಯತೆಯನ್ನೂ ನಿರೀಕ್ಷಿಸುವುದೇ ದೋಷ. ಕೊಡುವುದಾದರೆ ಲೆಕ್ಕವಿಡದೆ ಕೊಡಬೇಕು. ಬಾಡಿಗೆ ಪಡೆಯುವುದಾದರೆ ಆ ಕೋಣೆ ಅಷ್ಟು ಕಾಲ ಅವರದೆಂದು ಮನಸಾರೆ ಒಪ್ಪಬೇಕು.

ಕೋಣೆ ನೋಡಲು ಬಂದವರನ್ನು ವಿಚಾರಿಸುವುದು ತಪ್ಪಲ್ಲ. ಊರು, ಉದ್ಯೋಗ, ಗುರುತಿನ ಚೀಟಿ ಇವುಗಳನ್ನು ಕೇಳುವುದು ವಿವೇಕ. ಆದರೆ ಶರಣರ ಹೆಸರು ಹೇಳುವ ಮನೆಯ ಬಾಗಿಲಲ್ಲಿ ನಿಂತು "ಯಾವ ಜನ?" ಎಂದು ಕೇಳುವುದು ನಮಗೆ ಶೋಭಿಸದು. ಅಡುಗೆಮನೆಯಲ್ಲಿ ಮಾಂಸಾಹಾರ ಕೂಡದೆಂಬ ನಿಯಮವಿದ್ದರೆ ಮೊದಲೇ ಹೇಳಬೇಕು. ಒಪ್ಪುವುದು ಬಿಡುವುದು ಅವರ ಇಷ್ಟ. ಹೊರಗೆ ಅವರು ಏನು ಉಂಡರೆಂದು ವಿಚಾರಿಸುವ ಅಧಿಕಾರ ಮಾತ್ರ ನಮಗಿಲ್ಲ.

ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಅದು ರಾಜ್ಯಗಳು ಅಂಗೀಕರಿಸಿದರಷ್ಟೇ ಜಾರಿಗೆ ಬರುವ ಮಾದರಿ. ಆದರೂ ಅದರ ನ್ಯಾಯವನ್ನು ಪಾಲಿಸಲು ನಮಗೆ ಅಡ್ಡಿಯೇನು? ಮೊದಲ ನೌಕರಿಗೆ ಸೇರಿದ ಹುಡುಗಿಯ ಮುಂಗಡಕ್ಕಾಗಿ ಹಳ್ಳಿಯಲ್ಲಿ ಅವಳ ತಂದೆ ಸಾಲ ಮಾಡಿರಬಹುದು. ಬಿಟ್ಟು ಹೋಗುವಾಗ ಸುಣ್ಣಬಣ್ಣದ ನೆಪದಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಬಣ್ಣವನ್ನೇ ಬಳಿಸದಿರುವುದು ಸುಳ್ಳಿನ ಸಂಪಾದನೆ.

ವಿದ್ಯುತ್ತಿನ ಲೆಕ್ಕವೂ ಹಾಗೆಯೇ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಮನೆಗೆ ಶೂನ್ಯ ಬಿಲ್ಲು ಬಂದಿದ್ದರೂ, ಕೋಣೆಯವರಿಂದ ತಿಂಗಳು ತಿಂಗಳು ಕರೆಂಟಿನ ಹಣ ಪಡೆಯುವವರುಂಟು. ತೆರದ ಹಣಕ್ಕೆ ಪಾಲು ಕೇಳುವುದು ಯಾವ ನ್ಯಾಯ? ಬಿಲ್ಲು ಬಂದ ತಿಂಗಳು ಅದನ್ನು ತೋರಿಸಿ ಪಾಲು ಪಡೆದರೆ ಸಂದೇಹಕ್ಕೆ ಎಡೆಯಿರದು.

ಇನ್ನು ಬೀಗದ ಕೈ. ಮಾಲೀಕರು ಒಳಹೋಗುವ 24 ಗಂಟೆ ಮೊದಲೇ ತಿಳಿಸಬೇಕೆಂದು ಅದೇ ಮಾದರಿ ಕಾಯಿದೆ ಹೇಳುತ್ತದೆ. ಬೆಂಕಿಯೋ ನೀರೋ ನುಗ್ಗಿದ ಸಂದರ್ಭ ಬೇರೆ. ಉಳಿದಂತೆ ಬಾಗಿಲು ತಟ್ಟಿ, ಉತ್ತರಕ್ಕಾಗಿ ಕಾಯುವುದೇ ಸಂಸ್ಕಾರ. ವಿಶೇಷವಾಗಿ ಹೆಣ್ಣುಮಕ್ಕಳು ವಾಸವಿದ್ದಲ್ಲಿ, "ನಮ್ಮ ಮಗಳಿದ್ದಂತೆ" ಎಂಬ ಮಾತು ಕಾವಲಿನ ನೆಪವಾಗಬಾರದು.

ಕೋಣೆಗೆ ಬಂದವರಿಗೂ ಕರ್ತವ್ಯಗಳಿವೆ. ಹೇಳಿದ ದಿನ ಬಾಡಿಗೆ ಸಲ್ಲಿಸುವುದು, ಮನೆಯ ಹಿರಿಯರ ನಿದ್ದೆಗೂ ಪೂಜೆಯ ವೇಳೆಗೂ ಅಡ್ಡಿಯಾಗದಂತಿರುವುದು, ಸ್ನೇಹಿತರು ಉಳಿಯುವುದಾದರೆ ಮುಂಚೆ ಕೇಳುವುದು, ಬಿಡುವ ಮೊದಲು ಒಂದು ತಿಂಗಳ ಸೂಚನೆ ಕೊಡುವುದು. ಇವೆಲ್ಲವನ್ನೂ ಹನ್ನೊಂದು ತಿಂಗಳ ಕರಾರಿನಲ್ಲಿ ಬರೆದಿಡುವುದು ಲೇಸು. ಬರವಣಿಗೆ ಅವಿಶ್ವಾಸದ ಗುರುತಲ್ಲ. ಮುಂದೆ ಮನಸ್ತಾಪ ಬಾರದಂತೆ ಕಾಯುವ ಬೇಲಿ.

ಆ ಯುವಕ ಹೋದ ಮೇಲೆ ಅಟ್ಟದ ಪಾತ್ರೆಗಳನ್ನೆಲ್ಲ ನಮ್ಮ ನಡುಮನೆಗೆ ತಂದಿರಿಸಿದೆವು. ಈಗ ಆ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ. ಬಾಡಿಗೆ ಪೇಟೆಯ ದರದಷ್ಟೇ ಇದೆ. ಇನ್ನೊಂದು ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಅದರ ಮೇಲೆ ಅವರಿಂದಲೇ ಸಹಿ ಹಾಕಿಸಿ ಇಟ್ಟಿದ್ದೇವೆ. ಹಬ್ಬದ ದಿನ ಕರೆದು ಊಟಕ್ಕೆ ಬಡಿಸುತ್ತೇವೆ. ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.