ಹಳಿಯ ಆಚೆ ಜಾಗ ಇದೆಯೇ?

ರೈಲ್ವೆ ಗೇಟು ಬಿದ್ದ ಎರಡೇ ನಿಮಿಷಕ್ಕೆ ನಮ್ಮ ರಸ್ತೆಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಡಗಡೆ ಸಾಲಾಗಿ ನಿಲ್ಲಬೇಕಾದ ಗಾಡಿಗಳು ಬಲಗಡೆಯನ್ನೂ ತುಂಬಿಬಿಡುತ್ತವೆ. ಸಂದಿಯಲ್ಲೆಲ್ಲ ಬೈಕುಗಳು ನುಸುಳಿ ಗೇಟಿಗೇ ತಾಗಿ ನಿಲ್ಲುತ್ತವೆ. ಆಚೆ ಬದಿಯಲ್ಲೂ ಹೀಗೇ. ರೈಲು ಹೋಗಿ ಗೇಟು ಎದ್ದ ಕೂಡಲೇ ಎರಡೂ ಕಡೆಯವರು ಒಟ್ಟಿಗೆ ನುಗ್ಗುತ್ತಾರೆ, ಯಾರ ಎದುರಿಗೂ ದಾರಿ ಇರುವುದಿಲ್ಲ. ಎರಡು ಗುಂಪೂ ಮುಖಾಮುಖಿಯಾಗುವುದು ಸರಿಯಾಗಿ ಹಳಿಯ ಮೇಲೆಯೇ. ಒಂದು ಶಾಲಾ ವ್ಯಾನೋ ಆಟೋವೋ ಹಿಂದೆಯೂ ಬರಲಾರದೆ, ಮುಂದೆಯೂ ಹೋಗಲಾರದೆ ಅಲ್ಲಿ ನಿಂತುಬಿಡುತ್ತದೆ.

ಹಳಿಯ ಮೇಲೆ ಗಾಡಿ ನಿಂತಿದೆ ಎಂದರೆ ಎಂಜಿನ್ ಕೈಕೊಟ್ಟಿರಬೇಕು ಎಂದುಕೊಳ್ಳುತ್ತೇವೆ. ಬಹಳ ಸಲ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಮುಂದೆ ಜಾಗ ಇಲ್ಲ ಎಂದು ಕಾಣುತ್ತಿದ್ದರೂ ನಾವೇ ಗಾಡಿಯನ್ನು ಹಳಿಯ ಮೇಲೆ ತಂದು ನಿಲ್ಲಿಸಿರುತ್ತೇವೆ. ಆದ್ದರಿಂದ ಗೇಟು ತೆರೆದಿದೆಯೇ ಎಂದು ನೋಡಿದರೆ ಸಾಲದು. ಹಳಿಯ ಆಚೆ ನಮ್ಮ ಗಾಡಿ ಪೂರ್ತಿ ಹಿಡಿಸುವಷ್ಟು ಜಾಗ ಇದೆಯೇ ಎಂದು ನೋಡಿಕೊಂಡೇ ಹಳಿ ಹತ್ತಬೇಕು. ಇಲ್ಲದಿದ್ದರೆ ಗೇಟಿನ ಈಚೆಯೇ ನಿಲ್ಲಬೇಕು, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ.

‘ಪೂರ್ತಿ’ ಎಂದಾಗ ಹಿಂದಿನ ಚಕ್ರ ಹಳಿ ದಾಟಿದರೆ ಆಯಿತು ಎಂದಲ್ಲ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್, ಅದರ ಮೇಲೆ ಓಡುವ ಬೋಗಿಯ ಅಗಲ ಸುಮಾರು 3.25 ಮೀಟರ್. ಅಂದರೆ ರೈಲು ಹಳಿಯಿಂದ ಎರಡೂ ಕಡೆ ಮುಕ್ಕಾಲು ಮೀಟರಿನಷ್ಟು ಹೊರಗೆ ಚಾಚಿಕೊಂಡಿರುತ್ತದೆ. ಚಕ್ರ ದಾಟಿದ ಕಾರಿನ ಡಿಕ್ಕಿಯೂ, ಟ್ರಾಲಿಯಿಂದ ಹಿಂದಕ್ಕೆ ಚಾಚಿದ ಕಬ್ಬಿನ ಜಲ್ಲೆಗಳೂ ಆ ಜಾಗದಲ್ಲೇ ಇರಬಹುದು. ಹಳಿಯಿಂದ ಐದಾರು ಮೀಟರ್ ಆಚೆ ಹೋದ ಮೇಲೆಯೇ ದಾಟಿದೆವು ಎನ್ನಬೇಕು.

ಹಳಿಯ ಮೇಲೆ ಗಾಡಿ ಸಿಕ್ಕಿಬಿದ್ದರೆ ರೈಲಿಗೆ ಗೊತ್ತಾಗುವುದು ಹೇಗೆ? ಅದು ಯಾವ ಬಗೆಯ ಗೇಟು ಎಂಬುದರ ಮೇಲೆ ಹೋಗುತ್ತದೆ. ಇಂಟರ್‌ಲಾಕ್ ಇರುವ ಗೇಟಿನಲ್ಲಿ ಎರಡೂ ಕಡೆಯ ಅಡ್ಡಪಟ್ಟಿ ಕೆಳಗಿಳಿದು ಬೀಗ ಬಿದ್ದ ಮೇಲಷ್ಟೇ ರೈಲಿನ ಸಿಗ್ನಲ್ ಕೆಂಪಿನಿಂದ ಬದಲಾಗಲು ಸಾಧ್ಯ. ಗಾಡಿ ನಡುವೆ ನಿಂತು ಗೇಟು ಹಾಕಲಾಗದಿದ್ದರೆ ಸಿಗ್ನಲ್ ಕೆಂಪಾಗಿಯೇ ಉಳಿಯುತ್ತದೆ. ಅಲ್ಲಿ ಗೇಟಿಗೆಂದೇ ಹಾಕಿದ ‘ಗೇಟ್ ಸಿಗ್ನಲ್’ ಇದ್ದರೆ ಲೋಕೊ ಪೈಲಟ್ ಅದರ ಮುಂದೆ ರೈಲು ನಿಲ್ಲಿಸಿ, ಸೀಟಿ ಹಾಕಿ, ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ಕಾಯುತ್ತಾರೆ. ಆಮೇಲೂ ಸಿಗ್ನಲ್ ಬರದಿದ್ದರೆ ನಿಧಾನವಾಗಿ ಗೇಟಿನವರೆಗೆ ಬಂದು, ಗೇಟ್‌ಮನ್ ಕೈಸನ್ನೆ ಕೊಟ್ಟ ಮೇಲೆ ದಾಟುತ್ತಾರೆ. ಗೇಟ್‌ಮನ್ ಕಾಣದಿದ್ದರೆ ಸಹಾಯಕ ಲೋಕೊ ಪೈಲಟ್ ತಾವೇ ಇಳಿದು ಗೇಟು ಹಾಕಿ ರೈಲು ದಾಟಿಸಬೇಕು ಎಂಬುದು ನಿಯಮ.

ಇದೇ ಬೀಗಕ್ಕೆ ಇನ್ನೊಂದು ಮುಖವಿದೆ. ಸಿಗ್ನಲ್ ಕೊಟ್ಟಾದ ಮೇಲೆ, ಸುತ್ತ ನಿಂತ ಜನ ಎಷ್ಟೇ ಕೂಗಿದರೂ ಗೇಟ್‌ಮನ್ ತಮ್ಮ ಇಚ್ಛೆಯಂತೆ ಗೇಟು ಎತ್ತಲಾರರು. ‘ರೈಲು ಕಾಣುವುದೇ ಇಲ್ಲ, ತೆಗೀರಿ’ ಎಂದು ಅವರ ಮೇಲೆ ಕೈ ಮಾಡುವವರನ್ನು ನೋಡಿದಾಗ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಒಂಟಿ ಗುಮಟಿಯಲ್ಲಿ ಹಗಲು ರಾತ್ರಿ ಪಾಳಿ ಮಾಡುವ ಆ ಮನುಷ್ಯನ ಕೈಯಲ್ಲಿ ಇಲ್ಲದ ಅಧಿಕಾರಕ್ಕಾಗಿ ಆತನನ್ನು ಬೈಯುತ್ತೇವೆ.

ಇಂಟರ್‌ಲಾಕ್ ಇಲ್ಲದ ಗೇಟಿನಲ್ಲಿ ಎಲ್ಲವೂ ನಿಂತಿರುವುದು ಫೋನಿನ ಮೇಲೆ. ಸ್ಟೇಷನ್ ಮಾಸ್ಟರ್ ರೈಲು ಬರುವುದನ್ನು ತಿಳಿಸುತ್ತಾರೆ, ಗೇಟ್‌ಮನ್ ಗೇಟು ಹಾಕಿ ಅದಕ್ಕೆ ಖಾತರಿಯಾಗಿ ಒಂದು ‘ಪ್ರೈವೇಟ್ ನಂಬರ್’ ಹೇಳುತ್ತಾರೆ, ಇಬ್ಬರೂ ಬರೆದುಕೊಳ್ಳುತ್ತಾರೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ತಡೆಯಲು ಯಂತ್ರವಿಲ್ಲ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರಿನ ಬಳಿ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ಸತ್ತದ್ದು ಇಂಥ ಗೇಟಿನಲ್ಲಿ. ಅದರ ನಂತರ ರೈಲ್ವೆ ಸಚಿವಾಲಯ ಗೇಟುಗಳಲ್ಲಿ ಸಿಸಿಟಿವಿ ಹಾಕಲು ಹೇಳಿತು, ಇಂಟರ್‌ಲಾಕಿಂಗ್‌ಗೆ ಬೇಕಾದ ಸಂಚಾರದ ಮಿತಿಯನ್ನು 20,000 ಟಿವಿಯುನಿಂದ 10,000ಕ್ಕೆ ಇಳಿಸಿತು. ಟಿವಿಯು ಎಂದರೆ ಒಂದು ದಿನದಲ್ಲಿ ಅಲ್ಲಿ ಹಾದುಹೋಗುವ ರೈಲುಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಲೆಕ್ಕದಿಂದ ಗುಣಿಸಿದಾಗ ಬರುವ ಅಂಕಿ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳು 2019ರ ಜನವರಿ ಹೊತ್ತಿಗೆ ಇಲ್ಲವಾದವು. ಕಾವಲಿರುವ ಗೇಟುಗಳು ದೇಶದಲ್ಲಿ ಇನ್ನೂ ಸುಮಾರು 17,000 ಇವೆ.

ರೈಲು ಕಂಡ ಮೇಲೆ ಬ್ರೇಕ್ ಹಾಕಿದರೆ ನಿಲ್ಲುವುದಿಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಗೇಟಿಗೆ ಸುಮಾರು 600 ಮೀಟರ್ ಮೊದಲು ಹಳಿಯ ಪಕ್ಕ ‘ಡಬ್ಲ್ಯು/ಎಲ್’ ಎಂದು ಬರೆದ ಹಳದಿ ಹಲಗೆ ಇರುತ್ತದೆ. ಲೋಕೊ ಪೈಲಟ್ ಸೀಟಿ ಹಾಕಲು ಶುರುಮಾಡುವುದು ಅಲ್ಲಿಂದ. ಗಂಟೆಗೆ 110 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ 30 ಮೀಟರಿಗಿಂತ ಹೆಚ್ಚು ಓಡುತ್ತದೆ, ಆ ಹಲಗೆಯಿಂದ ಗೇಟಿಗೆ ಬರಲು ಅದಕ್ಕೆ 20 ಸೆಕೆಂಡ್ ಸಾಕು. ಆ ವೇಗದ ರೈಲು ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಒಂದು ಕಿಲೋಮೀಟರಿನಷ್ಟು ದೂರ ಬೇಕು. ಅದಿರೋ ಕಲ್ಲಿದ್ದಲೋ ತುಂಬಿದ ಗೂಡ್ಸ್ ಗಾಡಿ ಸುಮಾರು 5,000 ಟನ್ ತೂಗುತ್ತದೆ. ಇತ್ತ ಎರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ತೆವಳಿದರೆ ಹಳಿಯ ಈಚೆಯಿಂದ ಪೂರ್ತಿ ಆಚೆಗೆ ಹೋಗಲು ಅದಕ್ಕೂ ಹತ್ತಿರಹತ್ತಿರ 20 ಸೆಕೆಂಡ್ ಬೇಕು. ಸೀಟಿ ಕೇಳಿದ ಮೇಲೆ ಹೊರಟವರ ಬಳಿ ಉಳಿಯುವ ಸಮಯ ಶೂನ್ಯ.

ಕಣ್ಣಿನ ಅಂದಾಜನ್ನೂ ನಂಬುವ ಹಾಗಿಲ್ಲ. ದೊಡ್ಡ ವಸ್ತು ನಮ್ಮ ಕಡೆಗೆ ಬರುವಾಗ ಇರುವುದಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ಕಾಣುತ್ತದೆ. ಅಮೆರಿಕದ ಮನೋವಿಜ್ಞಾನಿ ಹರ್ಷೆಲ್ ಲೈಬೋವಿಟ್ಜ್ 1985ರಲ್ಲಿ ರೈಲ್ವೆ ಗೇಟಿನ ಅಪಘಾತಗಳ ಬಗ್ಗೆ ಬರೆಯುವಾಗ ಇದನ್ನೇ ಮುಂದಿಟ್ಟರು. ಗೇಟಿನ ಕೆಳಗೆ ಬೈಕು ಓರೆಮಾಡಿ ನುಸುಳುವವರು ಸೋಲುವುದು ಇಲ್ಲಿಯೇ. ಜೋಡಿ ಹಳಿ ಇದ್ದಲ್ಲಂತೂ ಒಂದು ರೈಲು ದಾಟಿದ ಮರುಕ್ಷಣ, ಅದರ ಮರೆಯಿಂದ ಎದುರು ದಿಕ್ಕಿನ ಇನ್ನೊಂದು ರೈಲು ಬರಬಹುದು.

ಇನ್ನು ಗಾಡಿ ತಾನಾಗಿ ನಿಲ್ಲುವ ಸಂಗತಿ. ಹಳಿಗಳಲ್ಲಿ ಯಾವುದೋ ಅಯಸ್ಕಾಂತ ಶಕ್ತಿ ಎಂಜಿನ್ ಆರಿಸುತ್ತದೆ ಎಂಬುದು ಬರೀ ಮಾತು. ಹಳಿ ಹಾಸಿದ ಜಾಗ ರಸ್ತೆಗಿಂತ ಎತ್ತರದಲ್ಲಿರುತ್ತದೆ, ಅಲ್ಲಿಗೆ ಏರಿ ಇಳಿಯಬೇಕು. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು, ಹಳಿಯ ಕುಲುಕಿಗೆ ಕಾಲು ಜಾರಿ, ಅಲ್ಲೇ ಗೇರ್ ಬದಲಿಸಲು ಹೋಗಿ ಎಂಜಿನ್ ಆಫ್ ಮಾಡಿಕೊಳ್ಳುವವರು ಬಹಳ. ಹಳಿಗೆ ಮೊದಲೇ ಕೆಳಗಿನ ಗೇರಿಗೆ ಇಳಿಸಿ, ದಾಟುವವರೆಗೂ ಗೇರ್ ಮುಟ್ಟದೆ ಒಂದೇ ಸಮ ಹೋಗುವುದು ಇದಕ್ಕೆ ಪರಿಹಾರ. ಹಳಿಯ ಪಕ್ಕದಲ್ಲಿ ರೈಲಿನ ಚಕ್ರದ ಅಂಚು ಓಡಲು ಐದಾರು ಸೆಂಟಿಮೀಟರ್ ಅಗಲದ ಸಂದು ಬಿಟ್ಟಿರುತ್ತಾರೆ. ಸೈಕಲ್ಲಿನ ತೆಳು ಟಯರು ಅದರಲ್ಲಿ ಹೂತುಕೊಳ್ಳುತ್ತದೆ, ಮಳೆಯಲ್ಲಿ ಬೈಕಿನ ಚಕ್ರ ಹಳಿಯ ಮೇಲೆ ಜಾರುತ್ತದೆ. ರಸ್ತೆ ಓರೆಯಾಗಿದ್ದರೂ ದ್ವಿಚಕ್ರದವರು ಹಳಿಯನ್ನು ಆದಷ್ಟು ನೇರವಾಗಿ ಅಡ್ಡ ಹಾಯಬೇಕು.

ಉದ್ದನೆಯ, ತಳ ತಗ್ಗಾದ ಗಾಡಿಗಳ ಕಷ್ಟ ಬೇರೆ. ಮುಂದಿನ ಚಕ್ರ ಉಬ್ಬಿನ ಆಚೆ, ಹಿಂದಿನದು ಈಚೆ, ನಡುವಿನ ಹೊಟ್ಟೆ ಹಳಿಗೆ ಕಚ್ಚಿಕೊಳ್ಳುತ್ತದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಬಿಲಾಕ್ಸಿಯಲ್ಲಿ 2017ರ ಮಾರ್ಚ್ 7ರಂದು ಪ್ರವಾಸಿ ಬಸ್ಸೊಂದು ಹೀಗೇ ಸಿಕ್ಕಿಬಿತ್ತು. ಎಲ್ಲರೂ ಇಳಿದು ದೂರ ಸರಿಯುವ ಮೊದಲೇ ಗೂಡ್ಸ್ ರೈಲು ಬಡಿದು ನಾಲ್ವರು ಸತ್ತರು. ಜೆಸಿಬಿ ಸಾಗಿಸುವ ಲೋ ಬೆಡ್ ಟ್ರೇಲರ್‌ಗಳ ಚಾಲಕರು ಹೊಸ ದಾರಿಯಲ್ಲಿ ಗೇಟು ಸಿಕ್ಕರೆ ಇಳಿದು ಉಬ್ಬನ್ನು ಕಣ್ಣಾರೆ ನೋಡಬೇಕು. ಸಂಶಯವಿದ್ದರೆ ಕೆಳಸೇತುವೆಯೋ ಮೇಲ್ಸೇತುವೆಯೋ ಇರುವ ದಾರಿ ಹಿಡಿಯಬೇಕು.

ಸಿಕ್ಕಿಬಿದ್ದೇಬಿಟ್ಟರೆ? ಮೊದಲು ಜನರನ್ನು ಇಳಿಸಿ, ಎಲ್ಲಕ್ಕಿಂತ ಮೊದಲು ಮಕ್ಕಳನ್ನು. ಚೀಲ, ಮೊಬೈಲ್, ಆರ್‌ಸಿ ಯಾವುದಕ್ಕೂ ಹಿಂದಿರುಗುವುದು ಬೇಡ. ರೈಲು ಇನ್ನೂ ಕಾಣದಿದ್ದರೂ ಇಳಿಸಿ. ಕಂಡ ಮೇಲೆ ಇರುವ ಸಮಯ ಎಷ್ಟೆಂದು ಮೇಲೆ ಹೇಳಿದೆ. ರೈಲು ಬರುತ್ತಿರುವುದು ಕಂಡರೆ ಹಳಿಯಿಂದ ದೂರ, ಆದರೆ ಅದು ಬರುತ್ತಿರುವ ದಿಕ್ಕಿಗೇ ಓರೆಯಾಗಿ ಓಡಬೇಕು. ಇದು ವಿಚಿತ್ರ ಎನಿಸಬಹುದು. ಬಡಿತಕ್ಕೆ ಸಿಕ್ಕ ಗಾಡಿ ಚೂರಾಗಿ ಹಾರುವುದು ರೈಲು ಸಾಗುವ ದಿಕ್ಕಿಗೆ, ಆ ಕಡೆಗೆ ಓಡಿದವರ ಬೆನ್ನ ಮೇಲೇ ಅದು ಬೀಳುತ್ತದೆ.

ಜನ ಇಳಿಯುತ್ತಿರುವಾಗಲೇ ಒಬ್ಬರು ಗೇಟ್‌ಮನ್ ಬಳಿಗೆ ಓಡಲಿ. ಅವರ ಬಳಿ ಸ್ಟೇಷನ್ನಿಗೆ ನೇರ ಫೋನಿದೆ, ಕೆಂಪು ಬಾವುಟ ಮತ್ತು ದೀಪವಿದೆ, ಚಕ್ರ ಹತ್ತಿದೊಡನೆ ಸದ್ದುಮಾಡಿ ಲೋಕೊ ಪೈಲಟ್‌ಗೆ ಎಚ್ಚರಿಕೆ ಕೊಡುವ ಡೆಟೊನೇಟರ್‌ಗಳಿವೆ. ನಿಯಮದಂತೆ ಅವರು 600 ಮೀಟರಿನಲ್ಲಿ ಒಂದನ್ನು, 1,200 ಮೀಟರಿನಲ್ಲಿ ಮೂರನ್ನು ಹಳಿಗೆ ಕಟ್ಟಬೇಕು. ಅಷ್ಟು ದೂರ ಓಡಲು ಸಮಯ ಬೇಕಲ್ಲ, ಆದ್ದರಿಂದ ‘ಇನ್ನೊಂದ್ಸಲ ಸ್ಟಾರ್ಟ್ ಮಾಡಿ ನೋಡೋಣ’ ಎಂದು ತಡಮಾಡಬೇಡಿ. ಗೇಟ್‌ಮನ್ ಸಿಗದಿದ್ದರೆ ರೈಲ್ವೆಯ 139ಕ್ಕೋ 112ಕ್ಕೋ ಫೋನ್ ಮಾಡಿ. ರೈಲಿಗೆ ನೀವೇ ಸನ್ನೆ ಮಾಡಬೇಕಾಗಿ ಬಂದರೆ ಹಳಿಯ ಮೇಲೆ ನಿಲ್ಲದೆ ಪಕ್ಕದಲ್ಲಿ ನಿಂತು ಎರಡೂ ಕೈಗಳನ್ನು ತಲೆಯ ಮೇಲೆ ನೇರ ಎತ್ತಿ. ರಾತ್ರಿ ಟಾರ್ಚನ್ನು ಜೋರಾಗಿ ಅತ್ತಿತ್ತ ಬೀಸಿ. ಎರಡನ್ನೂ ಲೋಕೊ ಪೈಲಟ್‌ಗಳು ‘ನಿಲ್ಲಿಸು’ ಎಂದೇ ಓದುತ್ತಾರೆ.

ಇಷ್ಟಾದ ಮೇಲೆ, ಗೇಟ್‌ಮನ್ ಸಮಯವಿದೆ ಎಂದರೆ ಮಾತ್ರ ಗಾಡಿಯ ಯೋಚನೆ. ನ್ಯೂಟ್ರಲ್‌ಗೆ ಹಾಕಿ ನಾಲ್ಕು ಜನ ತಳ್ಳಿದರೆ ಕಾರು ಸರಿಯುತ್ತದೆ. ಹಳೆಯ ಗಾಡಿಯಾದರೆ ಮೊದಲ ಗೇರಿನಲ್ಲಿಟ್ಟು ಕ್ಲಚ್ ಬಿಟ್ಟು ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟರೇ ಗಾಡಿಯನ್ನು ಇಷ್ಟಿಷ್ಟೇ ಎಳೆಯುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹೊಸ ಕಾರುಗಳಲ್ಲಿ ಇದು ನಡೆಯದು. ಎರಡು ಅಡ್ಡಪಟ್ಟಿಗಳ ನಡುವೆ ಬಂದಿಯಾಗಿದ್ದು ಗಾಡಿ ಓಡುತ್ತಿದ್ದರೆ, ಹಾರ್ನ್ ಹೊಡೆದು ಗೇಟ್‌ಮನ್ ಗಮನ ಸೆಳೆಯಿರಿ. ರೈಲು ಮೇಲೇ ಬಂತು ಎನ್ನುವಾಗ ಅಡ್ಡಪಟ್ಟಿಯನ್ನು ಮುರಿದಾದರೂ ಹೊರಗೆ ಬನ್ನಿ. ಅದನ್ನು ಮತ್ತೆ ಹಾಕಿಸಬಹುದು.

ವಿದ್ಯುತ್ ಮಾರ್ಗದಲ್ಲಿ ಇನ್ನೊಂದು ಅಪಾಯ ತಲೆಯ ಮೇಲಿದೆ. ಅಲ್ಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಗೇಟಿನ ಎರಡೂ ಕಡೆ ರಸ್ತೆಗೆ ಅಡ್ಡವಾಗಿ 4.67 ಮೀಟರ್ ಎತ್ತರದಲ್ಲಿ ಕಬ್ಬಿಣದ ಕಮಾನು ನಿಲ್ಲಿಸಿರುವುದು ಇದಕ್ಕೇ. ಹುಲ್ಲು, ಹತ್ತಿ, ತೆಂಗಿನ ನಾರು ತುಂಬಿದ ಲಾರಿ ಅದಕ್ಕೆ ತಾಗಿದರೆ ಮುಂದೆ ಹೋಗಕೂಡದು. ಲೋಡಿನ ಮೇಲೆ ಕುಳಿತ ಕೂಲಿಯವರನ್ನು ಗೇಟಿನ ಈಚೆಯೇ ಇಳಿಸಬೇಕು. ತಂತಿಯನ್ನು ಮುಟ್ಟದೆ ಹತ್ತಿರ ಹೋದರೂ ವಿದ್ಯುತ್ ಜಿಗಿದು ಬಡಿಯುತ್ತದೆ.

ಗೇಟಿಗೆ ಬರುವ ಮುಂಚಿನ ಇಳಿಜಾರನ್ನೂ ಮರೆಯಬಾರದು, ಭಾರ ಹೊತ್ತ ಲಾರಿ ಹಿಡಿತ ತಪ್ಪಿದರೆ ಮುಚ್ಚಿದ ಗೇಟು ಅದನ್ನು ತಡೆಯಲಾರದು. 2015ರ ಆಗಸ್ಟ್ 24ರಂದು ಆಂಧ್ರದ ಪೆನುಕೊಂಡ ಬಳಿ ಗ್ರಾನೈಟ್ ಹೊತ್ತ ಲಾರಿಯೊಂದು ಮುಚ್ಚಿದ ಗೇಟು ಮುರಿದು ನುಗ್ಗಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ಸಿಗೆ ಬಡಿಯಿತು. ದೇವದುರ್ಗದ ಶಾಸಕ ಎ. ವೆಂಕಟೇಶ್ ನಾಯಕ್ ಸತ್ತದ್ದು ಆ ಅಪಘಾತದಲ್ಲಿ. ಅವರು ರೈಲಿನೊಳಗಿದ್ದರು. ಗೇಟಿನಲ್ಲಿ ಲಾರಿ ಮಾಡುವ ತಪ್ಪಿಗೆ ರೈಲಿನಲ್ಲಿ ಮಲಗಿ ಹೋಗುತ್ತಿರುವವರೂ ಬಲಿಯಾಗುತ್ತಾರೆ. ಮುಚ್ಚಿದ ಗೇಟನ್ನು ಅನುಮತಿಯಿಲ್ಲದೆ ತೆರೆದರೆ ಮೂರು ವರ್ಷ, ಮುರಿದರೆ ಐದು ವರ್ಷದವರೆಗೆ ಜೈಲು ಎಂದು 1989ರ ರೈಲ್ವೆ ಕಾಯ್ದೆಯ 160ನೇ ಕಲಮು ಹೇಳುವುದು ಇದೇ ಕಾರಣಕ್ಕೆ.

ಕಾವಲಿಲ್ಲದ ಹಳಿ ಎದುರಾದರೆ 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮು ಅನ್ವಯಿಸುತ್ತದೆ. ಗಾಡಿ ನಿಲ್ಲಿಸಬೇಕು, ಕಂಡಕ್ಟರ್ ಅಥವಾ ಕ್ಲೀನರ್ ಹಳಿಯವರೆಗೆ ನಡೆದು ಹೋಗಿ ಎರಡೂ ಕಡೆ ನೋಡಿ ಗಾಡಿಯನ್ನು ದಾಟಿಸಬೇಕು, ಅವರಿಲ್ಲದಿದ್ದರೆ ಚಾಲಕನೇ ಇಳಿಯಬೇಕು. 2014ರ ಜುಲೈ 24ರಂದು ತೆಲಂಗಾಣದ ಮಾಸಾಯಿಪೇಟೆಯಲ್ಲಿ ಶಾಲಾ ಬಸ್ಸಿಗೆ ರೈಲು ಬಡಿದು ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತದ್ದು ಕಾವಲಿಲ್ಲದ ಹಳಿಯಲ್ಲೇ.

ನಿಮ್ಮೂರಿನ ಗೇಟಿನಲ್ಲಿ ಹಳಿಯ ಪಕ್ಕದ ಡಾಂಬರು ಕಿತ್ತು ಗುಂಡಿ ಬಿದ್ದಿದ್ದರೆ, ಉಬ್ಬು ಗಾಡಿಯ ತಳಕ್ಕೆ ತಾಗುವಷ್ಟಿದ್ದರೆ 139ಕ್ಕೆ ದೂರು ಕೊಡಬಹುದು. ಕೊಡುವಾಗ ಗೇಟಿನ ನಂಬರು ಹೇಳಿ. ಗುಮಟಿಯ ಗೋಡೆಯ ಮೇಲೆ ಅದನ್ನು ಬರೆದಿರುತ್ತಾರೆ. ದಿನಾ ಅದೇ ದಾರಿಯಲ್ಲಿ ಓಡಾಡುವವರು, ಶಾಲಾ ವ್ಯಾನಿನ ಚಾಲಕರಂತೂ ತಪ್ಪದೆ, ಆ ನಂಬರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಳಿಯ ಮೇಲೆ ಗಾಡಿ ನಿಂತ ಹೊತ್ತಿನಲ್ಲಿ ಫೋನಿನ ಆಚೆಯವರು ಮೊದಲು ಕೇಳುವುದು ‘ಯಾವ ಗೇಟು’ ಎಂದು.