ಮರಳುಗಾಡಿಗೆ ಹೋಗಿಬನ್ನಿ, ಬಾಯಾರಿಕೆಗೆ ಕಾಯಬೇಡಿ

ಕ್ರಿಸ್‌ಮಸ್ ರಜೆಗೆ ಊಟಿ, ಕೊಡೈಕೆನಾಲ್ ಎನ್ನುತ್ತಿದ್ದ ಕುಟುಂಬಗಳು ಈಗ ರಾಜಸ್ಥಾನದ ಜೈಸಲ್ಮೇರ್‌ಗೂ ಹೊರಡುತ್ತಿವೆ. ನೋಡಲೇಬೇಕಾದ ಊರು ಅದು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಹಳದಿ ಮರಳುಗಲ್ಲಿನ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಹೂಡಿದ್ದಾರೆ. ಸಂಜೆಯ ಬಿಸಿಲು ಬಿದ್ದರೆ ಕೋಟೆಗೆ ಕೋಟೆಯೇ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಪಟವಾ ಹವೇಲಿಗಳ ಕಲ್ಲಿನ ಕೆತ್ತನೆ, ಗಡಿಸರ್ ಕೆರೆ, ಸುಮಾರು 40 ಕಿ.ಮೀ. ಆಚೆ ಸಮ್ ಎಂಬಲ್ಲಿನ ಮರಳುದಿಬ್ಬಗಳು, ಇಷ್ಟಕ್ಕೇ ಎರಡು ದಿನ ಬೇಕು. ಆದರೆ ನಮ್ಮ ಕಡೆಯ ಹವೆಗೆ ಒಗ್ಗಿದ ದೇಹಕ್ಕೆ ಅಲ್ಲಿಯ ಗಾಳಿ ಹೊಸದು.

ಮಂಗಳೂರಿನಲ್ಲಿ ಬೆವರು ಅಂಗಿಗೆ ಅಂಟುತ್ತದೆ. ನೀರು ಕುಡಿಯಿರಿ ಎಂದು ಯಾರೂ ನೆನಪಿಸಬೇಕಿಲ್ಲ. ಥಾರ್ ಮರುಭೂಮಿಯ ಒಣಗಾಳಿ ಬೆವರನ್ನು ಹುಟ್ಟಿದಲ್ಲಿಯೇ ಹೀರಿಬಿಡುತ್ತದೆ. ಮೈ ಒಣಗಿದಂತೆಯೇ ಕಾಣುತ್ತದೆ, ನೀರಿನಂಶ ಮಾತ್ರ ಹೋಗುತ್ತಲೇ ಇರುತ್ತದೆ. ಚಳಿಗಾಲವಾದ್ದರಿಂದ ದಾಹವೂ ಅಷ್ಟಾಗಿ ಆಗದು. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವು ಮೊದಲೇ ಮಂದ. ಇನ್ನು ದಾರಿಯಲ್ಲಿ ಶೌಚಾಲಯ ಸಿಗುವುದೋ ಇಲ್ಲವೋ ಎಂದು ಹೆದರಿ ಎಷ್ಟೋ ಹೆಂಗಸರು ಇಡೀ ದಿನ ನೀರನ್ನೇ ಮುಟ್ಟುವುದಿಲ್ಲ. ಮೂತ್ರನಾಳದ ಸೋಂಕಿಗೆ ಇದೂ ಒಂದು ಕಾರಣ. ಕೋಟೆ ಹತ್ತುವಾಗ ತಲೆ ಸಿಡಿಯುವುದು, ಎದ್ದುನಿಂತರೆ ತಲೆಸುತ್ತು ಬರುವುದು, ಮೂತ್ರ ಕಡು ಹಳದಿಯಾಗುವುದು, ಇವನ್ನೆಲ್ಲ ಪ್ರಯಾಣದ ಆಯಾಸ ಎಂದು ತಳ್ಳಿಹಾಕಬಾರದು. ಗಂಟೆಗೊಮ್ಮೆಯಾದರೂ ಒಂದೆರಡು ಗುಟುಕು ನೀರು ಕುಡಿಯುವ ಅಭ್ಯಾಸ ಇರಲಿ. ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ನೀರು ಕುಡಿಯಬೇಕೆಂದು ಹೊರಡುವ ಮುನ್ನವೇ ವೈದ್ಯರನ್ನು ಕೇಳಬೇಕು.

ಅಲ್ಲಿಯ ಅಡುಗೆಯೂ ನೀರಿನ ಕೊರತೆಯಿಂದಲೇ ಹುಟ್ಟಿದ್ದು. ಪ್ರಸಿದ್ಧವಾದ ‘ಕೇರ್ ಸಾಂಗ್ರಿ’ ಪಲ್ಯದ ಸಾಂಗ್ರಿ ಎಂದರೆ ಖೇಜಡಿ ಮರದ ಎಳೆಗಾಯಿ. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಮರವೇ ಈ ಖೇಜಡಿ! ನಾವು ಎಲೆ ಹಂಚಿಕೊಳ್ಳುತ್ತೇವೆ, ಅವರು ಕಾಯಿಯನ್ನು ಒಣಗಿಸಿ ವರ್ಷವಿಡೀ ಉಣ್ಣುತ್ತಾರೆ. ಈ ಮರಗಳನ್ನು ಉಳಿಸಲು 1730ರಲ್ಲಿ ಜೋಧಪುರದ ಸಮೀಪದ ಖೇಜಡಲಿಯಲ್ಲಿ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಸಾಂಗ್ರಿಯಲ್ಲಿ ನಾರಿನಂಶವೂ ಸಸಾರಜನಕವೂ ಇವೆ; ಆದರೆ ಎಣ್ಣೆ, ಖಾರ ಧಾರಾಳ. ಉತ್ತರ ಕರ್ನಾಟಕದವರಿಗೆ ಸಜ್ಜೆ ರೊಟ್ಟಿ ಹೊಸದೇನಲ್ಲ. ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಹುಳಿಬರಿಸಿ ಕುದಿಸಿದ ‘ರಾಬಡಿ’ ನಮ್ಮ ಅಂಬಲಿಯ ನೆಂಟ. ಸ್ವಚ್ಛವಾದ ಕಡೆ ಸಿಕ್ಕರೆ ಬಿಡಬೇಡಿ.

ದಾಲ್ ಬಾಟಿ ಚೂರ್ಮಾ ವಿಷಯದಲ್ಲಿ ಸ್ವಲ್ಪ ಲೆಕ್ಕ ಬೇಕು. ಕೆಂಡದಲ್ಲಿ ಸುಟ್ಟ ಗೋಧಿ ಉಂಡೆಯನ್ನು ತುಪ್ಪದಲ್ಲಿ ಅದ್ದಿಯೇ ಬಡಿಸುತ್ತಾರೆ, ಬೇಡವೆಂದರೂ ಬಿಡುವವರಲ್ಲ. ಒಂದೆರಡು ಬಾಟಿ, ಜೊತೆಗೆ ಬೇಳೆ, ಮಜ್ಜಿಗೆ ಸಾಕು. ಸಕ್ಕರೆ ಕಾಯಿಲೆಯವರು ಚೂರ್ಮಾವನ್ನು ರುಚಿ ನೋಡಿ ನಿಲ್ಲಿಸುವುದು ಲೇಸು. ಇನ್ಸುಲಿನ್ ಬಾಟಲಿಯನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಲೇಬಾರದು. ಶಾಖಕ್ಕೆ ಅದರ ಶಕ್ತಿ ಕುಂದುತ್ತದೆ. ರಸ್ತೆಬದಿಯ ಹೆಚ್ಚಿಟ್ಟ ಹಣ್ಣು, ಮಂಜುಗಡ್ಡೆ ಹಾಕಿದ ಪಾನೀಯ ಬೇಡ. ಭೇದಿ ಶುರುವಾದರೆ ಒಣಹವೆಯಲ್ಲಿ ಮಕ್ಕಳು ಬೇಗನೆ ಸೊರಗುತ್ತಾರೆ. ಓ.ಆರ್.ಎಸ್. ಪೊಟ್ಟಣಗಳು ಕೈಚೀಲದಲ್ಲಿರಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಕುಡಿಸಬಹುದು.

ಒಂಟೆ ಸವಾರಿ ಮಕ್ಕಳಿಗೆ ಹಬ್ಬ. ಆದರೆ ಒಂಟೆ ಏಳುವಾಗಲೂ ಕೂರುವಾಗಲೂ ಸವಾರನನ್ನು ಹಿಂದೆ ಮುಂದೆ ಜೋರಾಗಿ ತೂಗುತ್ತದೆ. ಬೆನ್ನುನೋವಿನವರು, ಗರ್ಭಿಣಿಯರು ಕೆಳಗೆ ನಿಂತು ಫೋಟೋ ತೆಗೆಸಿಕೊಂಡರೆ ಸಾಕು. ಕಣ್ಣಿಗೆ ಮರಳು ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಬೇಕು. ಆಸ್ತಮಾ ಇರುವವರು ಇನ್‌ಹೇಲರನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ. ಸೂರ್ಯ ಮುಳುಗಿದೊಡನೆ ಮರಳು ಬೇಗ ತಣ್ಣಗಾಗುತ್ತದೆ. ಸಂಜೆ ತೆಳು ಅಂಗಿಯಲ್ಲಿ ಹೋದ ಮಗು ಹಾಡು, ಕುಣಿತ ಮುಗಿಯುವಷ್ಟರಲ್ಲಿ ನಡುಗುತ್ತಿರುತ್ತದೆ. ಸ್ವೆಟರ್, ಕಿವಿಮುಚ್ಚುವ ಟೋಪಿ ಹೋಟೆಲಿನ ಪೆಟ್ಟಿಗೆಯಲ್ಲಿದ್ದರೆ ಏನು ಪ್ರಯೋಜನ?

ನವೆಂಬರ್‌ನಿಂದ ಫೆಬ್ರವರಿವರೆಗೆ ಈ ಪ್ರವಾಸಕ್ಕೆ ಸಕಾಲ. ಬಾಡಿಗೆ ಅಗ್ಗವೆಂದು ಮೇ, ಜೂನ್‌ನಲ್ಲಿ ಹೊರಡುವುದು ವೃದ್ಧರು, ಮಕ್ಕಳಿರುವ ಸಂಸಾರಕ್ಕೆ ತರವಲ್ಲ. ಆಗ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಬಿಸಿಲಿನಲ್ಲಿ ಅಡ್ಡಾಡಿದವರು ಮೈ ಸುಡುತ್ತ ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ ಅದು ಬಿಸಿಲಿನ ಆಘಾತವಿರಬಹುದು. ತಕ್ಷಣ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಬೇಕು. ಜ್ವರದ ಮಾತ್ರೆಯಿಂದ ಉಪಯೋಗವಿಲ್ಲ. ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯುದ್ದಕ್ಕೂ ಮೈ ತಣಿಸುತ್ತಲೇ ಇರಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಕೂಡದು.