ಕೊಳವೆಗಳಿಗೂ ಬೇಕು ಭೂಸಂಪರ್ಕ

ಮುಂಬಯಿಯಂತಹ ಮಹಾನಗರದ ಮನೆಗಳಲ್ಲಿ ನೀರು ಸೋರಿದರೆ ಕಣ್ಣಿಗೆ ಕಾಣುತ್ತದೆ. ಗ್ಯಾಸು ಸೋರಿದರೆ ಮೂಗಿಗೆ ತಿಳಿಯುತ್ತದೆ. ವಿದ್ಯುತ್ತು ಸೋರಿದರೆ ಮಾತ್ರ ಮುಟ್ಟುವವರೆಗೆ ಅದರ ಸುಳಿವೇ ಸಿಗುವುದಿಲ್ಲ. ಲೋಹದ ಕೊಳವೆಗಳೂ ವಿದ್ಯುತ್ತನ್ನು ಹೊತ್ತು ತರಬಲ್ಲವೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಭಾರತದಲ್ಲಿ ಮನೆಬಳಕೆಯ ವಿದ್ಯುತ್ತಿನ ಒತ್ತಡ 230 ವೋಲ್ಟ್. ದೇಹದಲ್ಲಿ ಸುಮಾರು 1 ಮಿಲಿಆಂಪಿಯರ್ ಪ್ರವಾಹ ಹರಿದರೆ ಜುಮ್ಮೆನ್ನುತ್ತದೆ. ಅದು 10ರ ಆಸುಪಾಸಿಗೆ ಏರಿದರೆ ಸ್ನಾಯುಗಳು ಬಿಗಿದು, ಹಿಡಿದ ವಸ್ತುವನ್ನು ಬಿಡಲಾಗದಂತಾಗುತ್ತದೆ. ಇನ್ನೂ ಹೆಚ್ಚಿದರೆ ಉಸಿರಾಟ ನಿಲ್ಲಬಹುದು, ಹೃದಯದ ಲಯ ತಪ್ಪಬಹುದು. ಮೈ ಒದ್ದೆಯಾಗಿರುವಾಗ ದೇಹದ ಪ್ರತಿರೋಧ ಸುಮಾರು 1000 ಓಮ್‌ಗೆ ಇಳಿಯಬಹುದು. ಆಗ 230 ವೋಲ್ಟ್ ತಗುಲಿದರೆ ಹರಿಯುವುದು 230 ಮಿಲಿಆಂಪಿಯರ್! ಬಚ್ಚಲುಮನೆ ಅಪಾಯದ ಸ್ಥಳವಾಗಿರುವುದು ಇದರಿಂದಲೇ.

ಎರಡು ಕೆರೆಗಳ ನೀರು ಸಮಮಟ್ಟದಲ್ಲಿದ್ದರೆ ನಡುವಣ ಕಾಲುವೆಯಲ್ಲಿ ನೀರು ಹರಿಯದು. ವಿದ್ಯುತ್ತಿನ ಸ್ವಭಾವವೂ ಅಂತಹುದೇ. ಕೆಟ್ಟ ಗೀಸರಿನ ಲೋಹದ ಮೈಯನ್ನು ಒಂದು ಕೈ, ನೆಲದೊಡನೆ ಸಂಪರ್ಕವಿರುವ ನಲ್ಲಿಯನ್ನು ಇನ್ನೊಂದು ಕೈ ಮುಟ್ಟಿದರೆ, ನಡುವಣ ದೇಹವೇ ಕಾಲುವೆಯಾಗುತ್ತದೆ. ಇದನ್ನು ತಪ್ಪಿಸಲು ಮನೆಯೊಳಕ್ಕೆ ಬರುವ ಲೋಹದ ನೀರಿನ ಹಾಗೂ ಗ್ಯಾಸಿನ ಕೊಳವೆಗಳನ್ನು ದಪ್ಪನೆಯ ತಾಮ್ರದ ತಂತಿಯಿಂದ ಮುಖ್ಯ ಅರ್ತಿಂಗ್ ಜಾಗಕ್ಕೆ ಜೋಡಿಸುತ್ತಾರೆ. ಇದಕ್ಕೆ ಬಾಂಡಿಂಗ್ ಎಂದು ಹೆಸರು. ಆಗ ಎಲ್ಲ ಲೋಹಭಾಗಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಆಘಾತದ ತೀವ್ರತೆ ತಗ್ಗುತ್ತದೆ.

ಆದರೆ ಬಾಂಡಿಂಗ್ ಇದೆಯೆಂದು ಅರ್ತಿಂಗನ್ನು ಕೈಬಿಡಲಾಗದು. ಗೀಸರಿಗೆ ಮೂರು ಪಿನ್ನಿನ ಸಂಪರ್ಕ, ಸುಸ್ಥಿತಿಯಲ್ಲಿರುವ ಅರ್ತ್ ತಂತಿ, 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿದುಹಾಕುವ ಆರ್‌ಸಿಸಿಬಿ, ಇವೆಲ್ಲವೂ ಅವಶ್ಯ. ಹಿಂದೆ ನಲ್ಲಿಯ ಕೊಳವೆಗೇ ಅರ್ತ್ ತಂತಿ ಸುತ್ತಿ ಕೆಲಸ ಮುಗಿಸುವ ಪದ್ಧತಿಯಿತ್ತು. ಅಂತಹ ಹಳೆಯ ಕಟ್ಟಡದಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಯನ್ನು ತೆಗೆದು ಮಧ್ಯೆ ಪ್ಲಾಸ್ಟಿಕ್ ಕೊಳವೆ ಹಾಕಿಸಿದರೆ, ಪ್ಲಂಬರನಿಗಾಗಲಿ ಮನೆಯವರಿಗಾಗಲಿ ತಿಳಿಯದಂತೆಯೇ ಅರ್ತ್ ಸಂಪರ್ಕ ಕಡಿದುಹೋಗುತ್ತದೆ! ಗ್ಯಾಸಿನ ಕೊಳವೆಯನ್ನಂತೂ ಅರ್ತ್ ಆಗಿ ಎಂದಿಗೂ ಬಳಸಬಾರದು. ಅದಕ್ಕೆ ಬಾಂಡಿಂಗ್ ಮಾಡಿಸುವುದಿದ್ದರೂ ಗ್ಯಾಸ್ ಕಂಪನಿಗೆ ತಿಳಿಸಿ, ಪರವಾನಗಿ ಪಡೆದ ಎಲೆಕ್ಟ್ರಿಶಿಯನ್ ಕೈಯಿಂದಲೇ ಮಾಡಿಸತಕ್ಕದ್ದು.

ನಲ್ಲಿ ಮುಟ್ಟಿದಾಗ ಸ್ವಲ್ಪ ಜುಮ್ಮೆಂದರೂ ಅದನ್ನು ಅಲಕ್ಷಿಸಬಾರದು. ಒಡನೆ ಮೇನ್ ಸ್ವಿಚ್ ಆರಿಸಿ ಪರೀಕ್ಷೆ ಮಾಡಿಸಬೇಕು. ದೋಷ ನೆರೆಮನೆಯದಾಗಿದ್ದು, ಸಮಾನ ಕೊಳವೆಯ ಮೂಲಕ ಬಂದಿರಲೂಬಹುದು. ಯಾರಿಗಾದರೂ ಆಘಾತವಾದರೆ ಮೊದಲು ವಿದ್ಯುತ್ತನ್ನು ಆರಿಸಬೇಕು. ಅದಕ್ಕೆ ಮೊದಲು ಅವರನ್ನು ಬರಿಗೈಯಿಂದ ಮುಟ್ಟಕೂಡದು. ಉಸಿರು ನಿಂತಿದ್ದರೆ ವೈದ್ಯಕೀಯ ನೆರವು ಬರುವವರೆಗೆ ಎದೆಯೊತ್ತುವ ಪ್ರಥಮ ಚಿಕಿತ್ಸೆ ನಡೆಸಬೇಕು.

ಸೊಸೈಟಿಯ ವಾರ್ಷಿಕ ಸಭೆಗಳಲ್ಲಿ ಕಟ್ಟಡಕ್ಕೆ ಬಣ್ಣ ಬಳಿಸುವ ಚರ್ಚೆ ಗಂಟೆಗಟ್ಟಲೆ ನಡೆಯುವುದುಂಟು. ಅರ್ತಿಂಗ್ ಪರೀಕ್ಷೆಯ ವಿಷಯವನ್ನು ಅದಕ್ಕಿಂತ ಮೊದಲು ಎತ್ತಿಕೊಳ್ಳುವುದು ಎಲ್ಲ ನಿವಾಸಿಗಳಿಗೂ ಶ್ರೇಯಸ್ಕರ.